ಕಪ್ಪು ಪರದೆ ಕಣ್ಣಿಗೆ ಮದ್ದಲ್ಲ

ಬೆಳಿಗ್ಗೆ ನೇರಳೆ ಮಾರ್ಗದ ಮೆಟ್ರೋದಲ್ಲಿ ಕಂಡದ್ದು ಇನ್ನೂ ಮನಸ್ಸಿಂದ ಹೋಗ್ತಿಲ್ಲ. ಪಕ್ಕದಲ್ಲಿ ಕೂತಿದ್ದ ಹುಡುಗಿ ಫೋನು ನೋಡ್ತಾ ಒಂದೇ ಸಮನೆ ಕಣ್ಣುಜ್ಜಿಕೊಳ್ತಿದ್ದಳು. "ಡಾರ್ಕ್ ಮೋಡ್ ಹಾಕ್ಕೊಳ್ಳೇ, ಸರಿಹೋಗುತ್ತೆ" ಅಂದಳು ಜೊತೆಯವಳು. ಹಾಕಿಕೊಂಡಳು. ಪರದೆ ಕಪ್ಪಾಯ್ತು, ಅಕ್ಷರ ಬಿಳಿಯಾಯ್ತು. ಕಬ್ಬನ್ ಪಾರ್ಕ್ ದಾಟಿ ರೈಲು ಸುರಂಗದಿಂದ ಮೇಲೆ ಬಂತು, ಎಂ.ಜಿ. ರಸ್ತೆಯ ಬಿಸಿಲು ಬಿತ್ತು. ಕಪ್ಪು ಪರದೆ ಕನ್ನಡಿಯಾಗಿಬಿಡ್ತು! ಅವಳ ಮುಖ, ಹಿಂದಿನ ಕಿಟಕಿ ಎಲ್ಲ ಅದರಲ್ಲಿ ಕಾಣ್ತಿತ್ತು, ಅಕ್ಷರ ಬಿಟ್ಟು. ಹುಬ್ಬು ಗಂಟಿಕ್ಕಿ ಫೋನನ್ನ ಮೂಗಿನ ಹತ್ತಿರ ತಂದುಕೊಂಡಳು. ತಡೀಲಾರದೆ "ಬಿಸಿಲಲ್ಲಿ ಬಿಳೀದೇ ಇರಲಿ ಕಣಮ್ಮಾ" ಅಂದೆ. "ಇಲ್ಲ ಆಂಟಿ, ಇದೇ ಕಣ್ಣಿಗೆ ಒಳ್ಳೇದು" ಅಂದಳು.

ಯಾರು ಹೇಳಿದ್ದು ಒಳ್ಳೇದು ಅಂತ? 2019ರಲ್ಲಿ ಆಂಡ್ರಾಯ್ಡ್ 10, ಐಫೋನಿನ ಐಒಎಸ್ 13 ಎರಡರಲ್ಲೂ ಇದು ಬಂದಾಗಿನಿಂದ ಕಣ್ಣುರಿ ಅಂದ್ರೆ ಸಾಕು, ಎಲ್ಲರ ಬಾಯಲ್ಲೂ ಇದೇ ಔಷಧಿ.

ನಾನೂ ನಂಬಿದ್ದೆ. ದಿನಕ್ಕೆ ಎಂಟು ಗಂಟೆ ಪುಸ್ತಕಗಳ ಕರಡು ತಿದ್ದೋಳು ನಾನು. ಆರು ತಿಂಗಳು ಕಪ್ಪು ಪರದೆ ಮೇಲೇ ತಿದ್ದಿದೆ. ಎಪ್ಪತ್ತು ದಾಟಿದ ಹಿರಿಯರೊಬ್ಬರ ಮೊದಲ ಪುಸ್ತಕ. ಅರ್ಪಣೆಯ ಪುಟದಲ್ಲೇ 'ಧನ್ಯವಾದ' ಹೋಗಿ 'ದನ್ಯವಾದ' ಅಂತ ಅಚ್ಚಾಯ್ತು. ಧ ಅಕ್ಷರದ ಕೆಳಗಿನ ಆ ಸಣ್ಣ ಸೀಳು ಇದೆಯೋ ಇಲ್ಲವೋ ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ. ಫೋನು ಮಾಡಿ ಕ್ಷಮೆ ಕೇಳಿದೆ. "ಪರವಾಗಿಲ್ಲ ಬಿಡಮ್ಮಾ" ಅಂದರು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಆಮೇಲೆ ಕಣ್ಣಿನ ಡಾಕ್ಟರು ತಿಳಿಸಿ ಹೇಳಿದರು. ನನಗೆ ಸಿಲಿಂಡರ್ ಪವರ್ ಇದೆ, ಅಂದ್ರೆ ಕಣ್ಣಿನ ಬಾಗು ಎಲ್ಲ ಕಡೆ ಒಂದೇ ಸಮ ಇಲ್ಲ. ಪರದೆ ಕಪ್ಪಾದಾಗ ಕಣ್ಣಿನ ಪಾಪೆ ಹಿಗ್ಗುತ್ತೆ, ಹಿಗ್ಗಿದಷ್ಟೂ ಕಣ್ಣಿನ ದೋಷ ಎದ್ದು ಕಾಣುತ್ತೆ, ಬಿಳಿ ಅಕ್ಷರ ಕಪ್ಪಿನ ಮೇಲೆ ಕದಡಿದ ಹಾಗೆ ಹರಡುತ್ತೆ. ನಮ್ಮ ಲಿಪಿ ಮೊದಲೇ ದುಂಡು. ಥ ಒಳಗಿನ ಚುಕ್ಕೆ, ಷ ಹೊಟ್ಟೆಯ ಗೆರೆ, ಅಡಿಯಲ್ಲಿ ಪುಟ್ಟದಾಗಿ ಕೂತ ಒತ್ತಕ್ಷರ, ಇವೇ ಮೊದಲು ಅಳಿಸಿದ ಹಾಗಾಗೋದು. ಜರ್ಮನಿಯ ಡ್ಯುಸೆಲ್‌ಡಾರ್ಫ್‌ನ ಸಂಶೋಧಕರು 2013ರಲ್ಲಿ ಎಳೆಯರಿಗೂ ಹಿರಿಯರಿಗೂ ಕರಡು ತಿದ್ದೋ ಕೆಲಸವನ್ನೇ ಕೊಟ್ಟು ನೋಡಿದ್ದರು. ಬಿಳಿ ಮೇಲಿನ ಕಪ್ಪು ಅಕ್ಷರದಲ್ಲೇ ಇಬ್ಬರೂ ಚೆನ್ನಾಗಿ ತಿದ್ದಿದ್ದರು. ಅದನ್ನ ಓದಿದಾಗ ಆ ಹಿರಿಯರ ದನಿಯೇ ಕಿವಿಗೆ ಬಂತು.

ರಾತ್ರಿ ದೀಪ ಆರಿಸಿದ ಕೋಣೆಯಲ್ಲಿ ಹಿತ ಅಲ್ವಾ ಅಂತೀರಿ. ಇರಬಹುದು. ಮೈಗ್ರೇನ್ ಇರೋರಿಗೆ, ಕಣ್ಣಿಗೆ ಪೊರೆ ಬಂದೋರಿಗೆ ಆರಾಮ ಅನ್ನಿಸೋದೂ ಉಂಟು, ಅವರು ಖಂಡಿತ ಹಾಕಿಕೊಳ್ಳಲಿ. ಆದರೆ ಆ ಹುಡುಗಿಯ ಕಣ್ಣು ಉರೀತಿದ್ದದ್ದು ಬಣ್ಣದಿಂದಲ್ಲ. ಸುಮ್ಮನೆ ಕೂತಾಗ ನಿಮಿಷಕ್ಕೆ ಸುಮಾರು 15 ಸಲ ಬಡಿಯೋ ರೆಪ್ಪೆ, ಪರದೆ ಮುಂದೆ ಐದಾರಕ್ಕೆ ಇಳಿಯುತ್ತೆ. ಕಣ್ಣು ಒಣಗುತ್ತೆ. ಪರದೆ ಕಪ್ಪಾದ ಮಾತ್ರಕ್ಕೆ ರೆಪ್ಪೆ ಬಡಿಯುತ್ತಾ?

ಈಗ 20 ನಿಮಿಷಕ್ಕೊಮ್ಮೆ ಕರಡು ಬಿಟ್ಟು ಎದುರುಮನೆಯ ಹೊಂಗೆಮರ ನೋಡ್ತೀನಿ, 20 ಸೆಕೆಂಡು. 20 ಅಡಿಗಿಂತ ದೂರವೇ ಇದೆ. ಕಣ್ಣು ಒದ್ದೆಯಾಗೋದು ನನಗೇ ಗೊತ್ತಾಗುತ್ತೆ.

ಇದನ್ನೆಲ್ಲ ಅವಳಿಗೆ ಹೇಳೋಣ ಅಂದುಕೊಳ್ಳೋ ಹೊತ್ತಿಗೆ ಇಂದಿರಾನಗರ ಬಂತು. ಅಲ್ಲೀವರೆಗೂ ಅವಳು ಒಂದು ಸಲ ಕೂಡ ಕಿಟಕಿ ಆಚೆ ನೋಡಲಿಲ್ಲ. ಕಣ್ಣುಜ್ಜಿಕೊಳ್ತಲೇ ಇಳಿದು ಹೋದಳು.