ಶಿರೂರಿನ ಆ ಪುಟಗಳು

ಪ್ರಯಾಣದಲ್ಲಿದ್ದರೂ ಅಂದಂದಿನ ಸುದ್ದಿಯ ಬಗ್ಗೆ ಅಂದೇ ದಿನಚರಿ ಬರೆಯಬೇಕೆಂದು ಲೇಖನವೊಂದರಲ್ಲಿ ಓದಿದೆ; ಅದರ ಲೇಖಕರ ಮಾತನ್ನು ಮನಸಾರೆ ಒಪ್ಪುತ್ತೇನೆ. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದಾಗ ನಾನು ಕಾರವಾರಕ್ಕೆ ಹೊರಟು ಕುಮಟಾದಲ್ಲಿ ಸಿಕ್ಕಿಕೊಂಡಿದ್ದೆ. ಆ ದಿನದ ಪುಟದಲ್ಲಿ ‘ಹೆದ್ದಾರಿ ಬಂದ್, ಬಸ್ ಇಲ್ಲ, ಕೊಡೆಯೂ ಸೋರುತ್ತಿದೆ’ ಎಂದಷ್ಟೇ ಇದೆ. ಮರುದಿನದ ಪುಟದಲ್ಲಿ, ಹೆದ್ದಾರಿ ಬದಿಯಲ್ಲಿ ಚಹಾದಂಗಡಿ ನಡೆಸುತ್ತಿದ್ದ ಕುಟುಂಬವೇ ಕೊಚ್ಚಿಹೋದ ಸುದ್ದಿ. ಮಳೆಹನಿ ಬಿದ್ದು ಶಾಯಿ ಕದಡಿ ಅರ್ಧ ಪುಟ ನೀಲಿಯಾಗಿದೆ. ಅದೇ ಕುಸಿತದಲ್ಲಿ ಕಣ್ಮರೆಯಾಗಿದ್ದ ಕೇರಳದ ಚಾಲಕನ ಲಾರಿ ಪಕ್ಕದ ಗಂಗಾವಳಿ ನದಿಯ ತಳದಲ್ಲಿ ಸಿಕ್ಕಿದ್ದು ಸೆಪ್ಟೆಂಬರ್ 25ರಂದು. ಆಗ ಹುಬ್ಬಳ್ಳಿಯ ರೈಲಿನಲ್ಲಿದ್ದೆ. ಪುಟಗಳನ್ನು ಹಿಂದಕ್ಕೆ ತಿರುವಿ ಎಣಿಸಿದೆ: ಗುಡ್ಡ ಕುಸಿದು 71 ದಿನ. ಈಗ ನೆನಪಿನಿಂದ ಬರೆದಿದ್ದರೆ ಮೊದಲ ದಿನದ ಆ ಸಿಡಿಮಿಡಿಯನ್ನು ಖಂಡಿತ ಬಿಟ್ಟುಬಿಡುತ್ತಿದ್ದೆ. ಆ ಸಾಲನ್ನು ಹೊಡೆದುಹಾಕಿಲ್ಲ.