ಊಟ ಆಯ್ತಾ ಅಂತ ಕೇಳೋರು

ನಮ್ಮಲ್ಲಿ ಫೋನ್ ಎತ್ತಿದ್ರೆ ಹಲೋ ಆದ್ಮೇಲೆ ಬರೋ ಮಾತು ಊಟ ಆಯ್ತಾ. ಅಮ್ಮ ಕೇಳ್ತಾಳೆ, ಅತ್ತೆ ಕೇಳ್ತಾರೆ, ಬೇರೆ ಊರಲ್ಲಿರೋ ಫ್ರೆಂಡ್ ಕೇಳ್ತಾಳೆ, ಎಷ್ಟು ಸಲ ಕೇಳಿಸ್ಕೊಂಡಿದೀವಿ ಅಂದ್ರೆ ಅದೊಂದು ಪ್ರಶ್ನೆ ಅನ್ನೋದೇ ಮರ್ತು ಹೋಗಿದೆ. ನಂಗೆ ಮತ್ತೆ ನೆನಪಾಗಿದ್ದು ಪೋಪ್ ಫ್ರಾನ್ಸಿಸ್ ಗಾಜಾದ ಚರ್ಚಿಗೆ ಫೋನ್ ಮಾಡ್ತಿದ್ದ ವಿಡಿಯೋ ನೋಡ್ದಾಗ, 2025ರ ಜನವರಿಯಲ್ಲಿ ವ್ಯಾಟಿಕನ್‌ನವರು ಬಿಟ್ಟಿದ್ದು. ಎಂಬತ್ತೆಂಟು ವರ್ಷದ ಮನುಷ್ಯ ಮೊಬೈಲ್ ಮುಂದೆ ಕೂತು ಆ ಕಡೆಯವ್ರನ್ನ ಇವತ್ತು ಏನ್ ತಿಂದ್ರಿ ಅಂತ ಕೇಳ್ತಾರೆ. ಆ ದಿನಗಳಲ್ಲೇ ವ್ಯಾಟಿಕನ್‌ನಲ್ಲಿ ಸೇರಿದ್ದ ಜನರ ಮುಂದೆ ಅವರೇ ಖುಷಿಯಿಂದ ಹೇಳಿದ್ರು, ಅಲ್ಲಿ ಚರ್ಚು ಸ್ಕೂಲು ಸೇರಿ ಆರುನೂರು ಜನ ಇದಾರೆ, ಇವತ್ತು ಬೇಳೆ ಜೊತೆ ಕೋಳಿ ತಿಂದ್ವಿ ಅಂದ್ರು ಅಂತ. ಬೇಳೆ, ಕೋಳಿ. ಜಗತ್ತಿನ ನೂರು ಕೋಟಿ ದಾಟಿದ ಕ್ಯಾಥೊಲಿಕರ ಗುರು ಅಷ್ಟೊಂದು ಜನರ ಮುಂದೆ ನಿಂತು ಹೇಳಿದ್ದು ಬೇರೆ ಯಾರದೋ ಮಧ್ಯಾಹ್ನದ ಅಡುಗೆ ವಿಷ್ಯ. ನಾನು ಆವತ್ತು ಅತ್ತುಬಿಟ್ಟೆ, ಸುಳ್ಳು ಹೇಳಲ್ಲ.

ಆ ಫೋನು ಶುರುವಾಗಿದ್ದು 2023ರ ಅಕ್ಟೋಬರ್ 9ಕ್ಕೆ, ಇಸ್ರೇಲ್-ಹಮಾಸ್ ಯುದ್ಧ ಶುರುವಾಗಿ ಎರಡೇ ದಿನಕ್ಕೆ. ಅವತ್ತಿಂದ ಹೆಚ್ಚುಕಮ್ಮಿ ದಿನಾ ಸಂಜೆ. ಆಸ್ಪತ್ರೆಗೆ ಸೇರಿದ ಮೇಲೂ ಬೆಡ್ ಮೇಲಿಂದ ಮಾಡಿದ್ದಾರೆ. ಗಾಜಾದಲ್ಲಿ ಇರೋದು ಒಂದೇ ಕ್ಯಾಥೊಲಿಕ್ ಚರ್ಚು, ಹೋಲಿ ಫ್ಯಾಮಿಲಿ, ನಮ್ಮ ಭಾಷೆಯಲ್ಲಿ ಪವಿತ್ರ ಕುಟುಂಬದ ದೇವಾಲಯ. ಇಪ್ಪತ್ತು ಲಕ್ಷ ದಾಟಿದ ಜನಸಂಖ್ಯೆಯಲ್ಲಿ ಯುದ್ಧಕ್ಕೆ ಮೊದಲು ಕ್ರೈಸ್ತರು ಎಲ್ಲ ಪಂಗಡ ಸೇರಿ ಸಾವಿರದ ಆಸುಪಾಸು ಅಷ್ಟೆ. ಅಲ್ಲಿನ ಗುರುಗಳು ಫಾದರ್ ಗೇಬ್ರಿಯಲ್ ರೊಮನೆಲ್ಲಿ ಅರ್ಜೆಂಟೀನಾದವರು, ಯುದ್ಧ ಶುರುವಾದ ದಿನ ಬೆತ್ಲೆಹೇಮಲ್ಲಿದ್ರು, ವಾಪಸ್ ಒಳಗೆ ಹೋಗೋಕಾಗಿದ್ದು 2024ರ ಮೇನಲ್ಲಿ. ಅಲ್ಲಿವರೆಗೂ ಸಹಾಯಕ ಗುರುಗಳು, ಸಿಸ್ಟರ್‌ಗಳು ಸೇರಿ ನಡೆಸಿದ್ರು. ನಡೆಸಿದ್ರು ಅಂದ್ರೆ ಬರೀ ಪೂಜೆ ಅಲ್ಲ, ಹಿಟ್ಟು ಎಷ್ಟಿದೆ, ನೀರು ಎಷ್ಟಿದೆ, ಇವತ್ತು ಒಲೆಗೆ ಏನು ಹಾಕೋದು ಅಂತ ಲೆಕ್ಕ ಮಾಡೋದು.

ಆ ಕಾಂಪೌಂಡಲ್ಲಿ ನಮ್ಮ ದೇಶಕ್ಕೆ ಸಂಬಂಧ ಇರೋ ಒಂದು ಮನೆನೂ ಇದೆ. ಮದರ್ ತೆರೇಸಾ ಕೋಲ್ಕತ್ತಾದಲ್ಲಿ ಶುರುಮಾಡಿದ ಮಿಷನರೀಸ್ ಆಫ್ ಚಾರಿಟಿಯ ಸಿಸ್ಟರ್‌ಗಳು ಅಲ್ಲಿ ಅಂಗವಿಕಲ ಮಕ್ಕಳನ್ನ, ಯಾರೂ ಇಲ್ಲದ ದೊಡ್ಡವರನ್ನ ನೋಡ್ಕೊಳ್ತಾರೆ. ನೀಲಿ ಅಂಚಿನ ಬಿಳಿ ಸೀರೆ, ಅದೇ. 2023ರ ಡಿಸೆಂಬರ್ 16ರಂದು ಅವರ ಮಠಕ್ಕೆ ಟ್ಯಾಂಕಿನ ಗುಂಡು ಬಿತ್ತು, ಜನರೇಟರ್ ಸುಟ್ಟುಹೋಯ್ತು, 54 ಜನ ಅಂಗವಿಕಲರು ಮನೆಯಿಲ್ಲದ ಹಾಗಾದ್ರು ಅಂತ ಜೆರುಸಲೇಮಿನ ಪೇಟ್ರಿಯಾರ್ಕೇಟ್, ಅಂದ್ರೆ ಆ ಕಡೆಯ ಕ್ಯಾಥೊಲಿಕರ ಮುಖ್ಯ ಪೀಠ, ಹೇಳ್ತು. ಅದೇ ದಿನ ಅದೇ ಕಾಂಪೌಂಡಲ್ಲಿ ಸಿಸ್ಟರ್‌ಗಳ ಮನೆ ಕಡೆ ನಡ್ಕೊಂಡು ಹೋಗ್ತಿದ್ದ ತಾಯಿ ಮಗಳು ಗುಂಡೇಟಿಗೆ ಸತ್ರು, ಒಬ್ರಿಗೆ ಬಿದ್ದಿದ್ದು, ಅವ್ರನ್ನ ಎತ್ಕೊಂಡು ಹೋಗೋಕೆ ಹೋದವ್ರಿಗೂ ಬಿತ್ತು. ಎಲ್ಲರೂ ಊರು ಬಿಡಿ ಅಂತ ಆರ್ಡರ್ ಬಂದಾಗಲೂ ಸಿಸ್ಟರ್‌ಗಳು ಬಿಡಲಿಲ್ಲ, ಬಿಡೋದು ಹೇಗೆ, ಎದ್ದು ಕೂರೋಕೂ ಆಗದ ಮಕ್ಕಳನ್ನ ಹೊತ್ಕೊಂಡು ಯಾವ ರಸ್ತೆಗೆ ಹೋಗೋದು. 2025ರ ಆಗಸ್ಟಲ್ಲಿ ಮತ್ತೆ ಊರು ಖಾಲಿ ಮಾಡಿಸೋ ಮಾತು ಬಂದಾಗ ಜೆರುಸಲೇಮಿನ ಕ್ಯಾಥೊಲಿಕ್ ಮತ್ತೆ ಗ್ರೀಕ್ ಆರ್ಥೊಡಾಕ್ಸ್ ಅನ್ನೋ ಇನ್ನೊಂದು ಕ್ರೈಸ್ತ ಪಂಗಡದ ಪೀಠಗಳು ಎರಡೂ ಸೇರಿ ಹೇಳಿದ್ದು ಇದನ್ನೇ, ಸೊರಗಿಹೋಗಿರೋ ಈ ಜನಕ್ಕೆ ದಕ್ಷಿಣದ ಕಡೆ ಓಡೋದು ಅಂದ್ರೆ ಮರಣದಂಡನೆ, ನಮ್ಮ ಗುರುಗಳು ಸಿಸ್ಟರ್‌ಗಳು ಅಲ್ಲೇ ಇರ್ತಾರೆ ಅಂತ.

2025ರ ಪವಿತ್ರ ವಾರ, ಅಂದ್ರೆ ಈಸ್ಟರ್‌ಗೆ ಮೊದಲಿನ ವಾರ, ನಂಗೆ ಸಾಯೋವರೆಗೂ ಮರೆಯಲ್ಲ. ಮಾರ್ಚ್ 2ರಿಂದಲೇ ಗಾಜಾ ಒಳಗೆ ಒಂದು ಚೀಲ ಹಿಟ್ಟೂ ಹೋಗದ ಹಾಗೆ ಇಸ್ರೇಲ್ ಗೇಟ್ ಮುಚ್ಚಿತ್ತು. ಏಪ್ರಿಲ್ 13 ಗರಿಗಳ ಭಾನುವಾರ, ನಾವಿಲ್ಲಿ ಮಕ್ಕಳ ಕೈಗೆ ತೆಂಗಿನ ಗರಿ ಕೊಟ್ಟು ಮೆರವಣಿಗೆಲಿ ಹೋಗ್ತಿದ್ವಿ, ಅದೇ ದಿನ ಬೆಳಗಿನ ಜಾವ ಗಾಜಾದಲ್ಲಿ ಆಂಗ್ಲಿಕನ್ ಸಭೆಯವರು ನಡೆಸೋ ಅಲ್ ಅಹ್ಲಿ ಆಸ್ಪತ್ರೆ ಮೇಲೆ ಬಾಂಬ್ ಬಿತ್ತು, ಅರ್ಧ ರಾತ್ರಿಲಿ ರೋಗಿಗಳನ್ನ ಹೊರಗೆ ಸಾಗಿಸೋ ಗಡಿಬಿಡಿಲಿ ತಲೆಗೆ ಏಟಾಗಿದ್ದ ಒಂದು ಮಗು ತೀರ್ಕೊಳ್ತು. ಅದೇ ಭಾನುವಾರ ಬೆಳಿಗ್ಗೆ ಉಕ್ರೇನಿನ ಸುಮಿ ಪಟ್ಟಣದ ಮೇಲೆ ರಷ್ಯಾದ ಎರಡು ಮಿಸೈಲ್ ಬಿದ್ದು 30ಕ್ಕೂ ಹೆಚ್ಚು ಜನ ಹೋದ್ರು. ಆ ವರ್ಷ ಉಕ್ರೇನಿನಂಥ ಕಡೆ ಇರೋ ಪೂರ್ವದ ಆರ್ಥೊಡಾಕ್ಸ್ ಕ್ರೈಸ್ತರಿಗೂ ನಮಗೂ ಈಸ್ಟರ್ ಒಂದೇ ದಿನ ಬಂದಿತ್ತು, ಹಾಗಾಗಿ ಅವರಿಗೂ ಅದು ಗರಿಗಳ ಭಾನುವಾರನೇ. 19ನೇ ತಾರೀಕು ಶನಿವಾರ ಸಂಜೆ ಪೋಪ್ ಕಡೇ ಸಲ ಗಾಜಾಕ್ಕೆ ಫೋನ್ ಮಾಡಿದ್ರು. ಭಾನುವಾರ ಅವರ ಹೆಸರಲ್ಲಿ ಬೇರೆಯವರು ಓದಿದ ಈಸ್ಟರ್ ಸಂದೇಶದಲ್ಲಿ ಯುದ್ಧ ನಿಲ್ಲಿಸಿ, ಒತ್ತೆಯಾಳುಗಳನ್ನ ಬಿಡಿ, ಹಸಿದವರಿಗೆ ಅನ್ನ ತಲುಪಿಸಿ ಅಂತ ಇತ್ತು. ಸೋಮವಾರ ಬೆಳಿಗ್ಗೆ ತೀರ್ಕೊಂಡ್ರು.

ನಂಗೆ ಈಸ್ಟರ್ ಅಂದ್ರೆ ಏನು ಅಂತ ಚಿಕ್ಕಂದಿನಿಂದ ಕಲಿಸಿದ್ದು ಖಾಲಿ ಸಮಾಧಿ, ಮೇಣದ ಬತ್ತಿ, ಅಲ್ಲೆಲೂಯ. ಅದೆಲ್ಲ ನಿಜ, ನಂಬ್ತೀನಿ. ಆದ್ರೆ ಈ ಎರಡು ಮೂರು ವರ್ಷದಿಂದ ನನ್ನ ಕಣ್ಣು ನಿಲ್ಲೋದು ಬೇರೆ ಕಡೆ. ಎದ್ದು ಬಂದ ಯೇಸು ಹೆದರಿ ಕೂತಿದ್ದ ಶಿಷ್ಯರ ಮುಂದೆ ನಿಂತು ಗಾಯದ ಕೈ ತೋರಿಸ್ತಾರೆ, ಆಮೇಲೆ ಕೇಳ್ತಾರೆ, ತಿನ್ನೋಕೆ ಏನಾದ್ರೂ ಇದೆಯಾ ಅಂತ. ಲೂಕನ ಸುವಾರ್ತೆಲಿ ಇದೆ, ಸುಟ್ಟ ಮೀನಿನ ತುಂಡು ಕೊಡ್ತಾರೆ, ಅವರ ಮುಂದೆನೇ ತಿಂತಾರೆ. ಯೊವಾನ್ನನ ಸುವಾರ್ತೆಲಿ ಇನ್ನೂ ಚೆಂದ, ರಾತ್ರಿಯೆಲ್ಲ ಬಲೆ ಹಾಕಿ ಸುಸ್ತಾಗಿ ಬಂದವರಿಗೆ ದಡದಲ್ಲಿ ಕೆಂಡದ ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ ರೆಡಿ ಇರತ್ತೆ, ಬನ್ನಿ ಊಟ ಮಾಡಿ ಅಂತಾರೆ. ಸಾವನ್ನ ಗೆದ್ದು ಬಂದವನು ಮಾಡಿದ ಮೊದಮೊದಲ ಕೆಲಸಗಳಲ್ಲಿ ಇದೊಂದು, ಒಲೆ ಹಚ್ಚಿ ಹಸಿದವರಿಗೆ ಅಡುಗೆ ಮಾಡಿದ್ದು. ಮೀನಿನ ದೋಣಿ ಬರೋ ಟೈಮಲ್ಲಿ ಮಲ್ಪೆ ದಡ ನೋಡಿ ಬೆಳೆದ ನನಗೆ ಆ ಕೆಂಡದ ವಾಸನೆ ಗೊತ್ತು. ಹಾಗಾಗಿ ಪೋಪ್ ಏನ್ ತಿಂದ್ರಿ ಅಂತ ಕೇಳಿದ್ದು ನಂಗೆ ಸುವಾರ್ತೆ ಓದಿದ ಹಾಗೇ ಕೇಳಿಸ್ತು.

ಇದನ್ನೇ ನಮ್ಮ ವಾಟ್ಸಾಪ್ ಗ್ರೂಪಲ್ಲಿ ಬರೆದೆ, ಜಗಳ ಶುರುವಾಯ್ತು. ನಮ್ಮೂರಲ್ಲೇ ಬಡವರಿಲ್ವಾ ಅಷ್ಟು ದೂರ ಯಾಕೆ ಅಂತ ಒಬ್ರು. ಮೊದಲು ಹೊಡೆದಿದ್ದು ಯಾರು ಅಂತ ಕೇಳಿ ಅಂತ ಇನ್ನೊಬ್ರು. ಕೇಳೋಣ, ಅಕ್ಟೋಬರ್ 7ರಂದು ಸುಮಾರು 1,200 ಜನರನ್ನ ಕೊಂದು ಸುಮಾರು 250 ಜನರನ್ನ ಎಳ್ಕೊಂಡು ಹೋಗಿದ್ದು ಹಮಾಸ್, ಅದರಲ್ಲಿ ಹಸುಗೂಸುಗಳೂ ಇದ್ವು. ಆಗ ಜೆರುಸಲೇಮಿನ ಕ್ಯಾಥೊಲಿಕರ ಮುಖ್ಯಸ್ಥ ಕಾರ್ಡಿನಲ್ ಪಿಜ್ಜಬಲ್ಲಾ ಏನಂದ್ರು ಗೊತ್ತಾ, ಆ ಮಕ್ಕಳು ಮನೆಗೆ ಬರೋದಾದ್ರೆ ಬದಲಿಗೆ ನಾನು ಹೋಗ್ತೀನಿ ಅಂದ್ರು. ಅದೇ ಮನುಷ್ಯ, 2025ರ ಜುಲೈ 17ರಂದು ಗಾಜಾದ ಅದೇ ಚರ್ಚಿಗೆ ಶೆಲ್ ಬಿದ್ದು ಮೂರು ಜನ ಸತ್ತು ಫಾದರ್ ಗೇಬ್ರಿಯಲ್ ಕಾಲಿಗೆ ಗಾಯ ಆದಾಗ, ಮರುದಿನಾನೇ ಗ್ರೀಕ್ ಆರ್ಥೊಡಾಕ್ಸ್ ಪೇಟ್ರಿಯಾರ್ಕ್ ಜೊತೆ ಒಳಗೆ ಹೋದ್ರು. ಇಬ್ಬರ ಮಕ್ಕಳಿಗೂ ಅಳೋ ಹೃದಯ ಒಂದೇ ಎದೆಯೊಳಗೆ ಇರಬಹುದು ಅನ್ನೋಕೆ ನಂಗೆ ಬೇರೆ ಸಾಕ್ಷಿ ಬೇಡ.

ಇನ್ನು ದೂರದ ಮಾತಿಗೆ ನಮ್ಮನೆ ಕಥೆನೇ ಹೇಳ್ತೀನಿ. 1990ರ ಆಗಸ್ಟ್ 2ಕ್ಕೆ ಇರಾಕ್ ಕುವೈತಿಗೆ ನುಗ್ಗಿದಾಗ ನಮ್ಮಪ್ಪ ಅಲ್ಲಿ ಒಂದು ಅಂಗಡಿ ಸ್ಟೋರಲ್ಲಿ ಕೆಲಸಕ್ಕಿದ್ರು. ಲೈನ್ ಕಟ್, ಕಾಗದ ಇಲ್ಲ, ಒಂದೂವರೆ ತಿಂಗಳು ಅಮ್ಮನಿಗೆ ಗಂಡ ಬದುಕಿದಾನಾ ಇಲ್ವಾ ಗೊತ್ತಿಲ್ಲ. ಅಪ್ಪ ಬಾಗ್ದಾದ್ ಮೇಲೆ ಬಸ್ಸಲ್ಲಿ ಜೋರ್ಡಾನ್ ಗಡಿಗೆ ಬಂದು, ಟೆಂಟಲ್ಲಿ ದಿನ ಕಳೆದು, ಅಮ್ಮಾನಿಂದ ಏರ್ ಇಂಡಿಯಾ ವಿಮಾನ ಹತ್ತಿದ್ರು, ಆಗ ಲಕ್ಷಕ್ಕೂ ಹೆಚ್ಚು ನಮ್ಮವರನ್ನ ಕರ್ಕೊಂಡು ಬಂದ್ರಲ್ಲ, ಅದರಲ್ಲಿ ಒಬ್ರು. ಮುಂಬೈಯಿಂದ ಬೇಕರಿಯವರ ಮನೆಗೆ ಫೋನ್ ಮಾಡಿದಾಗ ಅಮ್ಮ ಓಡಿಹೋಗಿ ರಿಸೀವರ್ ಹಿಡಿದು ಕೇಳಿದ ಮೊದಲ ಮಾತು ಊಟ ಆಯ್ತಾ, ಕೊಂಕಣಿಲಿ ಕೇಳಿದ್ದು, ಅರ್ಥ ಅದೇ. ಆ ಟೆಂಟಿನ ಬಗ್ಗೆ ಅಪ್ಪ ಜಾಸ್ತಿ ಹೇಳ್ತಿರಲಿಲ್ಲ. ಒಂದೇ ವಿಷ್ಯ ಮತ್ತೆ ಮತ್ತೆ ಹೇಳೋರು, ಬಿಸಿಲಲ್ಲಿ ಲೈನಲ್ಲಿ ನಿಂತಿದ್ದಾಗ ಯಾರೋ ಒಬ್ಬ ಹೆಂಗಸು ಬುಟ್ಟಿ ತುಂಬ ಕುಬ್ಬೂಸ್, ಅರಬ್ಬರ ರೊಟ್ಟಿ, ತಂದು ಹಂಚಿದ್ಲು, ನಂಗೆ ಎರಡು ಕೊಟ್ಲು, ಹೆಸರು ಕೇಳಲಿಲ್ಲ, ನನ್ನ ಜಾತಿ ಧರ್ಮನೂ ಅವಳು ಕೇಳಲಿಲ್ಲ. ಅವಳಿಗೂ ಊರಲ್ಲಿ ಬಡವರಿದ್ದಿರಬೇಕಲ್ವಾ.

ದುಡ್ಡು ಕೊಟ್ರೆ ಮುಗೀತು ಅಂತಾನೂ ನಾನು ಹೇಳ್ತಿಲ್ಲ. ಗೇಟ್ ಮುಚ್ಚಿದ್ರೆ ದುಡ್ಡಿಂದ ಒಂದು ಬ್ರೆಡ್ಡೂ ಆಗಲ್ಲ, ಅದಕ್ಕೇ ಗೇಟ್ ತೆಗೀರಿ ಅಂತ ಬಾಯಿಬಿಟ್ಟು ಹೇಳೋದೂ ದಾನದ ಭಾಗನೇ, ನಮ್ಮ ಚರ್ಚಿನ ದೊಡ್ಡವರು ಇನ್ನೂ ಗಟ್ಟಿಯಾಗಿ ಹೇಳಬೇಕಿತ್ತು ಅಂತ ನಂಗೆ ಸಂಕಟ ಇದೆ. 2025ರ ಅಕ್ಟೋಬರಲ್ಲಿ ಕದನವಿರಾಮ ಅಂತ ಆಯ್ತು, ಆದ್ರೆ ಮನೆ ಬಿದ್ದವರಿಗೆ ಮನೆ ಎದ್ದು ನಿಲ್ಲಲಿಲ್ಲ. ತುಂಬ ಜನರಿಗೆ ಗೊತ್ತಿಲ್ಲ, ಶುಭ ಶುಕ್ರವಾರ ನಮ್ಮ ಚರ್ಚುಗಳಲ್ಲಿ ಎತ್ತೋ ಕಾಣಿಕೆ ಪವಿತ್ರ ನಾಡಿಗೆ, ಅಂದ್ರೆ ಯೇಸು ಬಾಳಿದ ಜೆರುಸಲೇಮಿನ ಸುತ್ತಲ ನಾಡಿಗೆ ಹೋಗತ್ತೆ, 1974ರಲ್ಲಿ ಪೋಪ್ ಆರನೇ ಪೌಲ್ ಅದನ್ನ ಗಟ್ಟಿ ಮಾಡಿದ್ದು. ನಾವು ಶಿಲುಬೆಗೆ ಮುತ್ತಿಟ್ಟು ಚಿಲ್ಲರೆ ಹಾಕಿ ಬರ್ತೀವಿ.

ಈ ಸಲ ಸಾಲಲ್ಲಿ ಅಮ್ಮ ನನ್ನ ಮುಂದೆ ಇದ್ಲು. ಮಂಡಿ ನೋವಿದ್ರೂ ಬಗ್ಗಿ ಮುತ್ತಿಟ್ಟು, ಕರ್ಚೀಫಿನ ಗಂಟು ಬಿಚ್ಚಿ ನಾಕು ಮಡಿಕೆ ಮಾಡಿದ್ದ ಐನೂರರ ನೋಟು ಹಾಕಿದ್ಲು. ಹೊರಗೆ ಬಂದ್ಮೇಲೆ ಅಷ್ಟೊಂದಾ ಅಂತ ಕೇಳಿದ್ದಕ್ಕೆ, ಅದು ನಿನ್ನಪ್ಪ ತಿಂದ ಕುಬ್ಬೂಸಿನ ದುಡ್ಡು ಅಂದ್ಲು. ಮನೆಗೆ ಬಂದು ಗಂಜಿ ಬಡಿಸ್ತಾ, ಅಲ್ಲಿ ಈಗ ಗಂಟೆ ಎಷ್ಟು ಅಂತ ಕೇಳಿದ್ಲು. ನಮಗಿಂತ ಎರಡೂವರೆ ಗಂಟೆ ಹಿಂದೆ ಅಂದೆ. ಹಾಗಾದ್ರೆ ಅವ್ರ ರಾತ್ರಿ ಊಟಕ್ಕೆ ಇನ್ನೂ ಟೈಮಿದೆ ಅಂದ್ಲು.