ಲೆಕ್ಕಕ್ಕೆ ಸಿಗದ ಪ್ರೀತಿ

ಮದುವೆಯಾಗಿ ಎಷ್ಟೋ ವರ್ಷ ಕಳೆದ ಮೇಲೆ, ಕೆಲವೊಮ್ಮೆ ಸಂಗಾತಿ ತೀರಿಕೊಂಡ ಮೇಲೆ, "ನನ್ನನ್ನ ಅಷ್ಟೊಂದು ಪ್ರೀತಿಸ್ತಿದ್ರು ಅಂತ ನನಗೆ ಗೊತ್ತೇ ಆಗ್ಲಿಲ್ಲ" ಅನ್ನುವವರಿದ್ದಾರೆ. ಗಂಡಸರೂ ಹೇಳುತ್ತಾರೆ, ಹೆಂಗಸರೂ ಹೇಳುತ್ತಾರೆ. ಕೇಳಿದವರು ಕೂಡಲೇ ಸಮಾಧಾನಕ್ಕೆ ಇಳಿಯುತ್ತಾರೆ: "ಬಾಯಿಬಿಟ್ಟು ಹೇಳೋ ಸ್ವಭಾವ ಅಲ್ಲ ಅವರದ್ದು, ನಿಮಗೆ ಹೇಗೆ ಗೊತ್ತಾಗ್ಬೇಕು?"

ಈ ಮಾತು ನನಗೆ ಒಪ್ಪಿಗೆಯಿಲ್ಲ. ಅವರು ದಿನಾ ಮಾಡಿ ತೋರಿಸುತ್ತಲೇ ಇದ್ದರು. ನೋಡಬೇಕಾದವರು ನೋಡಲಿಲ್ಲ, ಅಷ್ಟೇ.

ಯಾಕೆ ನೋಡಲಿಲ್ಲ? ಕೆಟ್ಟವರು ಅಂತಲ್ಲ. ಮನೆಯೊಳಗಿನ ಕೆಲಸ ಸರಿಯಾಗಿ ನಡೆದಷ್ಟೂ ಕಣ್ಣಿಗೆ ಬೀಳುವುದಿಲ್ಲ. ಕರೆಂಟ್ ಬಿಲ್ಲನ್ನು ಯಾರೋ ಸಮಯಕ್ಕೆ ಕಟ್ಟುತ್ತಿದ್ದರೆ, ಬಿಲ್ ಅನ್ನೋದು ಒಂದಿದೆ ಅನ್ನುವುದೇ ಮರೆತುಹೋಗುತ್ತದೆ. ಒಂದು ತಿಂಗಳು ತಪ್ಪಲಿ, ಆಗ ಕೂಗಾಟ.

1979ರಲ್ಲಿ ಮೈಕಲ್ ರಾಸ್ ಮತ್ತು ಫಿಯೋರ್ ಸಿಕೋಲಿ ಎಂಬ ಮನಶ್ಶಾಸ್ತ್ರಜ್ಞರು ಕೆನಡಾದಲ್ಲಿ ಮಾಡಿದ ಒಂದು ಅಧ್ಯಯನ ಪ್ರಕಟವಾಯಿತು. 37 ಜೋಡಿಗಳಲ್ಲಿ ಗಂಡನನ್ನೂ ಹೆಂಡತಿಯನ್ನೂ ಬೇರೆಬೇರೆಯಾಗಿ ಕೇಳಿದ್ದರು, ಮನೆಯ ಈ ಕೆಲಸದಲ್ಲಿ ನಿಮ್ಮ ಪಾಲೆಷ್ಟು ಅಂತ. ಇಬ್ಬರ ಉತ್ತರ ಸೇರಿದರೆ ನೂರಾಗಬೇಕಲ್ವಾ? ಕೇಳಿದ 20 ವಿಷಯಗಳಲ್ಲಿ 16ರಲ್ಲಿ ಮೊತ್ತ ನೂರನ್ನು ದಾಟಿತ್ತು. ಸುಳ್ಳು ಹೇಳಬೇಕು ಅಂತ ಹೇಳಿದ್ದಲ್ಲ ಅದು. ನಾನು ಮಾಡಿದ್ದು ನನಗೆ ಥಟ್ಟನೆ ನೆನಪಾಗುತ್ತದೆ, ನೀವು ಮಾಡಿದ್ದು ನೆನಪಾಗುವುದಿಲ್ಲ. ಮನೆಗೆಲಸದ ಕತೆಯೇ ಹೀಗಾದರೆ ಪ್ರೀತಿಯದ್ದು ಇನ್ನೇನು! ಅದನ್ನಂತೂ ಯಾರೂ ಕೂತು ಲೆಕ್ಕ ಹಾಕುವುದಿಲ್ಲ.

ನನಗೆ ಹತ್ತಿರದ ಹಿರಿಯರೊಬ್ಬರಿದ್ದಾರೆ. ಹೆಂಡತಿ ತೀರಿಕೊಂಡ ಮೇಲೆ ಇನ್ಶೂರೆನ್ಸ್ ಕಾಗದ ಹುಡುಕುವಾಗ ಅವರಿಗೆ ಒಂದು ಫೈಲ್ ಸಿಕ್ಕಿತು. ಒಳಗೆ ಇದ್ದದ್ದೆಲ್ಲ ಇವರದೇ ರಕ್ತ ಪರೀಕ್ಷೆಯ ರಿಪೋರ್ಟುಗಳು, ವರ್ಷವಾರು ಜೋಡಿಸಿಟ್ಟವು. ಒಂದೊಂದರ ಹಿಂದೆಯೂ ಪೆನ್ಸಿಲ್‌ನಲ್ಲಿ ಆಕೆಯ ಬರಹ. "ಡಾಕ್ಟರ್ ಹತ್ರ ಕೇಳ್ಬೇಕು: ರಾತ್ರಿ ಎರಡು ಸಲ ಏಳ್ತಾರೆ, ಯಾಕೆ?" "ಹೊಸ ಮಾತ್ರೆ ತಗೊಂಡ ಮೇಲೆ ಕೈ ನಡುಗ್ತಿದೆ. ಅವರು ಹೇಳಲ್ಲ, ನಾನೇ ಹೇಳ್ಬೇಕು." ಆಸ್ಪತ್ರೆಗೆ ಹೋದಾಗಲೆಲ್ಲ ಆಕೆ ಡಾಕ್ಟರ ಮುಂದೆ ಜಾಸ್ತಿ ಮಾತಾಡ್ತಾಳೆ ಅಂತ ಇವರು ಸಿಡುಕುತ್ತಿದ್ದರು. ಆ ಮಾತಿನ ಹಿಂದೆ ರಾತ್ರಿಯೆಲ್ಲ ಎಚ್ಚರವಿದ್ದ ಒಬ್ಬ ಮನುಷ್ಯಳಿದ್ದಳು ಅನ್ನುವುದು ಆ ಫೈಲ್ ನೋಡಿದಾಗಲೇ ಹೊಳೆದದ್ದು. ಅವರಿಗೆ ಏನು ಹೇಳಬೇಕೋ ನನಗೂ ತೋಚಲಿಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಸಹಿಸಿಕೊಂಡಿದ್ದನ್ನೆಲ್ಲ ಪ್ರೀತಿ ಅಂತ ಕರೆಯುವುದು ನನಗೆ ಆಗಿಬರುವುದಿಲ್ಲ. ಭಯಕ್ಕೆ ಬಾಯಿ ಮುಚ್ಚಿಕೊಂಡವರಿದ್ದಾರೆ, ಹೋಗಲು ಬೇರೆ ಜಾಗವಿಲ್ಲದೆ ಉಳಿದವರಿದ್ದಾರೆ. ಆಮೇಲೆ ಅದಕ್ಕೆ "ಎಂಥಾ ಪ್ರೀತಿ" ಅಂತ ಹೆಸರಿಡುವುದು ಅವರಿಗೆ ಮಾಡುವ ಇನ್ನೊಂದು ಅನ್ಯಾಯ. ನಾನು ಹೇಳುತ್ತಿರುವುದು ಇಷ್ಟಪಟ್ಟು, ಗಮನಿಸಿ, ನೆನಪಿಟ್ಟುಕೊಂಡು ಮಾಡಿದವರ ಬಗ್ಗೆ. ನೀವು ಕೆಮ್ಮುವುದು ಕೇಳಿ ಫ್ಯಾನ್ ಕಡಿಮೆ ಮಾಡಿ ಮತ್ತೆ ಮಲಗಿದವರ ಬಗ್ಗೆ.

"ಹೇಳದಿದ್ರೂ ಅವರಿಗೆ ಗೊತ್ತಿರುತ್ತೆ ಬಿಡಿ" ಅನ್ನುವ ಸಮಾಧಾನವೂ ಬೇಡ. ಬಹಳ ಸಲ ಗೊತ್ತಿರುವುದಿಲ್ಲ. ತಾನು ಮಾಡಿದ್ದು ಯಾರ ಕಣ್ಣಿಗೂ ಬೀಳಲಿಲ್ಲ ಅಂದುಕೊಂಡೇ ಎಷ್ಟೋ ಜನ ಹೋಗಿಬಿಡುತ್ತಾರೆ.

ಸಂಗಾತಿ ಇನ್ನೂ ಜೊತೆಗಿರುವಾಗಲೇ ತಡವಾಗಿ ಅರ್ಥವಾದವರಿಗೆ ಬೇರೆ ಕಷ್ಟ. ಹೋಗಿ ಹೇಳಿದರೆ ಅವರು ಖುಷಿಪಡುತ್ತಾರೆ ಅಂತ ಗ್ಯಾರಂಟಿಯಿಲ್ಲ. "ಈಗ ನೆನಪಾಯ್ತಾ?" ಅಂತ ಸಿಟ್ಟಾಗಬಹುದು, ಹಳೆಯದನ್ನೆಲ್ಲ ತೆಗೆದು ಮುಂದಿಡಬಹುದು, ಎರಡು ದಿನ ಮಾತು ಬಿಡಬಹುದು. ಆ ಸಿಟ್ಟಿಗೆ ಕಾರಣವಿದೆ. ನಡುವೆ ಬಾಯಿ ಹಾಕದೆ, "ಹಾಗಲ್ಲ, ನಾನು ಹೇಳಿದ್ದು" ಅಂತ ಶುರುಮಾಡದೆ, ಪೂರ್ತಿ ಕೇಳಿಸಿಕೊಳ್ಳಿ. ಅಷ್ಟು ವರ್ಷ ಅವರು ನಿಮ್ಮದನ್ನು ಕೇಳಿಸಿಕೊಂಡಿದ್ದಾರೆ.